ಮರಗಳು ನಿಲ್ಲುವ ಜಾಗ: ತುಂಗನಾಥದ ದಾರಿಯಲ್ಲಿ ಐದು ದಿನ

ಮೊದಲ ದಿನ: ಡೆಹ್ರಾಡೂನ್‌ನಿಂದ ಊಖೀಮಠ

ನಮ್ಮ ಚಿಕ್ಕಪ್ಪ ಮೂವತ್ತೆರಡು ವರ್ಷ ಮಲೆನಾಡಿನ ಕಾಡುಗಳಲ್ಲಿ ಫಾರೆಸ್ಟರ್ ಆಗಿದ್ದವರು. ರಿಟೈರ್ ಆದ ಮೇಲೆ ಅವರಿಗೆ ಉಳಿದಿದ್ದ ದೊಡ್ಡ ಆಸೆ ಒಂದೇ. ಚಳಿ ತಡೆಯಲಾಗದೆ ಮರ ನಿಂತುಹೋಗುವ ಎತ್ತರವನ್ನು ಕಣ್ಣಾರೆ ನೋಡಬೇಕು. ನಮ್ಮಲ್ಲಿ ಅದು ಸಿಗುವುದಿಲ್ಲ. ಮುಳ್ಳಯ್ಯನಗಿರಿಯ 1,930 ಮೀಟರ್ ಹತ್ತಿ ನಿಂತರೂ ಅದು ಮರಕ್ಕೆ ಹೆಚ್ಚಿನ ಎತ್ತರವೇ ಅಲ್ಲ. ಅಲ್ಲಿ ನೆತ್ತಿಯ ಮೇಲೆ ಹುಲ್ಲು, ಕಣಿವೆಯಲ್ಲಿ ಶೋಲಾ ಕಾಡು ಇರುವುದಕ್ಕೆ ಗಾಳಿ, ಬೆಂಕಿ, ತೆಳು ಮಣ್ಣು ಅಂತ ಬೇರೆ ಬೇರೆ ಕಾರಣಗಳಿವೆ. ಹಿಮಾಲಯದಲ್ಲಿ ಒಂದು ಎತ್ತರ ದಾಟಿದರೆ ಕಾಡು ಮುಗಿದೇ ಹೋಗುತ್ತದೆ. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಆ ಗಡಿ ಮೇಲಕ್ಕೆ ಸರಿಯುತ್ತಿದೆ ಅಂತ ಓದಿದ್ದೆವು. ಹಾಗಾದರೆ ನೋಡಿಯೇ ಬರೋಣ ಅಂತ ಮೇ ತಿಂಗಳ ಎರಡನೇ ವಾರ ಉತ್ತರಾಖಂಡದ ತುಂಗನಾಥಕ್ಕೆ ಹೊರಟೆವು.

ಬೆಳಿಗ್ಗೆ ಡೆಹ್ರಾಡೂನ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿದೆವು. ಋಷಿಕೇಶ ದಾಟಿದ ಮೇಲೆ ದೇವಪ್ರಯಾಗ, ಶ್ರೀನಗರ (ಕಾಶ್ಮೀರದ್ದಲ್ಲ, ಗಢವಾಲದ್ದು), ರುದ್ರಪ್ರಯಾಗ. ದೇವಪ್ರಯಾಗದಲ್ಲಿ ಭಾಗೀರಥಿ, ಅಲಕನಂದಾ ಸೇರುವುದನ್ನು ಎಲ್ಲರೂ ನಿಂತು ನೋಡುತ್ತಾರೆ, ನಾವೂ ನೋಡಿದೆವು. ಆದರೆ ನನಗೆ ಜಾಸ್ತಿ ನೆನಪಿರುವುದು ಹೊಗೆ. ಎದುರಿನ ಗುಡ್ಡಗಳೆಲ್ಲ ಬೂದಿ ಬಣ್ಣದ ಪರದೆಯ ಹಿಂದೆ ನಿಂತ ಹಾಗೆ ಕಾಣುತ್ತಿದ್ದವು. ಗಂಟಲು ಕೆರೆಯುತ್ತಿತ್ತು. ಇಳಿಜಾರಿನ ತುಂಬಾ ಚೀಡ್ ಪೈನ್ ಮರಗಳು. ಇವುಗಳ ಸೂಜಿ ಎಲೆಗೆ ಇಲ್ಲಿ ಪಿರುಲ್ ಅನ್ನುತ್ತಾರೆ. ಬೇಸಿಗೆಯಲ್ಲಿ ಪಿರುಲ್ ಉದುರಿ ನೆಲದ ಮೇಲೆ ಹಾಸಿಗೆಯ ಹಾಗೆ ಬಿದ್ದಿರುತ್ತದೆ. ಅದರಲ್ಲಿ ಅಂಟು ಇರುವುದರಿಂದ ಒಂದು ಕಿಡಿ ಸಾಕು.

ಚಿಕ್ಕಪ್ಪ ಟ್ಯಾಕ್ಸಿ ನಿಲ್ಲಿಸಿ ಒಂದು ಸುಟ್ಟ ಇಳಿಜಾರಿನ ಹತ್ತಿರ ಹೋದರು. "ನೋಡು ಪುಟ್ಟಿ, ದೊಡ್ಡ ಮರಕ್ಕೆ ಏನೂ ಆಗಿಲ್ಲ, ತೊಗಟೆ ಮಾತ್ರ ಕಪ್ಪಾಗಿದೆ. ಸಣ್ಣವು ಎಲ್ಲ ಹೋಗಿವೆ" ಅಂದರು. ಚೀಡ್‌ಗೆ ದಪ್ಪ ತೊಗಟೆ. ಬೆಂಕಿ ಬಂದರೆ ಅದು ಉಳಿಯುತ್ತದೆ, ಪಕ್ಕದಲ್ಲಿ ಬೆಳೆಯಬೇಕಿದ್ದ ಓಕ್ ಸಸಿ ಉಳಿಯುವುದಿಲ್ಲ. ಹಿಮಾಲಯದ ಕಾಡು ಬದಲಾಗುತ್ತಿರುವ ಕಥೆ ಮೇಲಿನ ಹಿಮದ ಹತ್ತಿರ ಶುರುವಾಗುತ್ತದೆ ಅಂದುಕೊಂಡಿದ್ದೆ. ಅದು ಈ ಹೊಗೆಯಲ್ಲೇ ಶುರುವಾಗಿತ್ತು.

ಊಖೀಮಠ ತಲುಪಿದಾಗ ಸಂಜೆ. ಚಳಿಗಾಲದಲ್ಲಿ ಕೇದಾರನಾಥನ ಉತ್ಸವಮೂರ್ತಿ ಇಳಿದು ಬಂದು ಇರುವ ಓಂಕಾರೇಶ್ವರ ದೇವಸ್ಥಾನ ಇಲ್ಲೇ ಇದೆ. ಕೇದಾರದ ರಾವಲ್, ಅಂದರೆ ದೇವಸ್ಥಾನದ ಧಾರ್ಮಿಕ ಮುಖ್ಯಸ್ಥರು, ಆಗುವವರು ನಮ್ಮ ಕಡೆಯ ವೀರಶೈವ ಜಂಗಮರು. ವೀರಶೈವರ ಐದು ಪೀಠಗಳಲ್ಲಿ ಒಂದು ಇದು. ದೇವಸ್ಥಾನದ ಅಂಗಳದಲ್ಲಿ ವಿಜಯಪುರದ ಕಡೆಯಿಂದ ಬಂದ ಒಂದು ಕುಟುಂಬ ಸಿಕ್ಕಿತು. "ಎಲ್ಲಿಂದ ಬಂದ್ರಿ? ಮೇಲ ಹಿಮ ಐತೇನ್ರಿ?" ಅಂತ ಕೇಳಿದರು. ಅಷ್ಟು ದೂರದಲ್ಲಿ ಆ ಮಾತು ಕಿವಿಗೆ ಬಿದ್ದಾಗ ಆದ ಖುಷಿ ಹೇಳಲಾರೆ.

ಎರಡನೇ ದಿನ: ಊಖೀಮಠದಿಂದ ಚೋಪ್ತಾ

ದೂರ ಮೂವತ್ತು ಕಿಲೋಮೀಟರ್ ಚಿಲ್ಲರೆ. ಎತ್ತರ ಮಾತ್ರ ಸುಮಾರು 1,300 ಮೀಟರಿನಿಂದ 2,700ಕ್ಕೆ ಏರುತ್ತದೆ. ಪ್ರತಿ ನೂರು ಮೀಟರ್ ಏರಿದರೆ ಹತ್ತಿರ ಹತ್ತಿರ 0.6 ಡಿಗ್ರಿ ತಂಪಾಗುತ್ತದೆ. ಅದನ್ನು ಕಾರಿನ ಕಿಟಕಿಯಲ್ಲೇ ನೋಡಬಹುದು. ಚೀಡ್ ಮುಗಿದು ಬಾಂಝ್ ಓಕ್ ಬರುತ್ತದೆ. ಬಾಂಝ್ ಬಂದ ಕೂಡಲೇ ರಸ್ತೆ ಬದಿ ನೀರು ಜಿನುಗುತ್ತದೆ, ಪಾಚಿ ಕಾಣುತ್ತದೆ. ಇನ್ನೂ ಮೇಲೆ ಹೋದರೆ ಖರ್ಸು ಅನ್ನುವ ಇನ್ನೊಂದು ಓಕ್. ಅದರ ಕೊಂಬೆಗಳಿಂದ ಗಡ್ಡದ ಹಾಗೆ ಇಳಿಬಿದ್ದ ಝೂಲಾ. ನಮ್ಮ ಮಸಾಲೆಯ ಕಲ್ಲುಹೂವಿನ ನೆಂಟನೇ ಅದು.

ಚೋಪ್ತಾದ ಮೊದಲ ಟೀ ಅಂಗಡಿಯಲ್ಲಿ ಕೆಂಪು ಶರಬತ್ತಿನ ಬಾಟಲಿಗಳ ಸಾಲು. ಬುರಾಂಶ್ ಹೂವಿನದು. ಬುರಾಂಶ್ ಉತ್ತರಾಖಂಡದ ರಾಜ್ಯ ಮರ, ಕೆಂಪು ರೋಡೋಡೆಂಡ್ರಾನ್. ಊಟಿ ಕಡೆಯ ಶೋಲಾ ಅಂಚಿನಲ್ಲಿ ಗಂಟು ಗಂಟು ಕಾಂಡದ ಮೇಲೆ ಕೆಂಪು ಗೊಂಚಲು ಬಿಡುವ ಮರ ನೋಡಿದ್ದೀರಲ್ವಾ? ಅದೂ ಇದೇ ಜಾತಿ, ಒಂದು ಉಪಜಾತಿ ಅಷ್ಟೆ. ಮಧ್ಯದಲ್ಲಿ ಎರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು ಬಯಲು. ಹಿಂದೆ ಯಾವುದೋ ತಂಪು ಕಾಲದಲ್ಲಿ ದಕ್ಷಿಣಕ್ಕೆ ಇಳಿದ ಮರಗಳು, ಬಿಸಿಲು ಏರಿದ ಮೇಲೆ ನೀಲಗಿರಿಯ ನೆತ್ತಿಯಲ್ಲಿ ಸಿಕ್ಕಿಕೊಂಡವು ಅಂತ ಹೇಳುತ್ತಾರೆ. ಬಿಸಿ ಏರಿದಾಗ ಬೆಟ್ಟದ ಗಿಡಕ್ಕೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಮನೆ ಪಕ್ಕದಲ್ಲೇ ಇರುವ ಸಾಕ್ಷಿ ಅದು.

ಅಂಗಡಿಯ ಹುಡುಗನೇ ನಮಗೆ ಗೈಡ್ ಆಗಿ ಬರಲು ಒಪ್ಪಿದ. ಇಪ್ಪತ್ತಮೂರು ವರ್ಷ. ನನ್ನನ್ನು ದೀದಿ, ಚಿಕ್ಕಪ್ಪನನ್ನು ಚಾಚಾಜಿ ಅಂತ ಕರೆಯುತ್ತಿದ್ದ. ಚಿಕ್ಕಪ್ಪ ಅವನನ್ನು ತಮ್ಮಾ ಅನ್ನುತ್ತಿದ್ದರು. ಒಂದೇ ದಿನದಲ್ಲಿ ಅವನಿಗೆ ಅದರ ಅರ್ಥ ಗೊತ್ತಾಯಿತು. "ನನ್ನ ಅಜ್ಜಿ ಕಾಲದಲ್ಲಿ ಬುರಾಂಶ್ ಅಂದರೆ ಚೈತ್ರದ ಹೂವು. ಈಗ ಕೆಳಗಿನ ಊರುಗಳಲ್ಲಿ ಜನವರಿಯಲ್ಲೇ ಬಿಡುತ್ತೆ" ಅಂದ. ಇದು ಬರೀ ನೆನಪಿನ ಮಾತಲ್ಲ. 1893ರಿಂದ ಒಣಗಿಸಿಟ್ಟ ಗಿಡದ ಮಾದರಿಗಳ ಮೇಲಿನ ದಿನಾಂಕಗಳನ್ನು ಕುಮಾವೂಂ ಕಡೆಯ ಸಂಶೋಧಕರು ಹೋಲಿಸಿ ನೋಡಿದ್ದಾರೆ. ನೂರು ವರ್ಷದಲ್ಲಿ ಈ ಮರ ಹೂ ಬಿಡುವ ಕಾಲ ಸುಮಾರು ಮೂರು ತಿಂಗಳು ಮುಂಚೆ ಬಂದಿದೆ ಅಂತ 2014ರಲ್ಲಿ ಬರೆದರು. ಮೂರು ತಿಂಗಳು! ಜೇನು, ಹಕ್ಕಿಗಳ ಲೆಕ್ಕವೂ ಅಷ್ಟೇ ಬೇಗ ಬದಲಾಗಬೇಕಲ್ಲ.

ಮೂರನೇ ದಿನ: ಕಾಡು ಮುಗಿಯುವ ಕಡೆಗೆ

ಚೋಪ್ತಾದಿಂದ ತುಂಗನಾಥಕ್ಕೆ ನಾಲ್ಕು ಕಿಲೋಮೀಟರ್ ಕಲ್ಲು ಹಾಸಿದ ದಾರಿ. ಯಾತ್ರಿಕರು ಎರಡು ಮೂರು ಗಂಟೆಯಲ್ಲಿ ಮುಗಿಸುತ್ತಾರೆ. ನಮಗೆ ಪೂರ್ತಿ ದಿನ ಬೇಕಾಯಿತು. ದಾರಿ ಶುರುವಾಗುವಲ್ಲಿ ಖರ್ಸು, ಬುರಾಂಶ್, ಮಧ್ಯೆ ಮಧ್ಯೆ ಫರ್ ಮರಗಳು. ಫರ್‌ಗೆ ಇಲ್ಲಿ ರಾಗಾ ಅನ್ನುತ್ತಾರೆ. ಒಂದು ಗಂಟೆ ನಡೆದ ಮೇಲೆ ಮರಗಳು ಗಿಡ್ಡವಾದವು. ಎದೆಮಟ್ಟದಲ್ಲಿ ಎರಡು ಕೈ ಅಪ್ಪುಗೆಗೆ ಸಿಗದ ಖರ್ಸು ಹೋಗಿ, ತೋಳಿನ ದಪ್ಪದವು ಬಂದವು. ಆಮೇಲೆ 3,300 ಮೀಟರ್ ಆಸುಪಾಸಿನಲ್ಲಿ ಮರಗಳು ನಿಂತವು.

ಗೆರೆ ಎಳೆದ ಹಾಗೆ ನಿಲ್ಲುತ್ತವೆ ಅಂದುಕೊಂಡಿದ್ದೆ. ಹಾಗಿಲ್ಲ. ಮೊದಲು ಕಾಡು ಹರಿದ ಕಂಬಳಿಯ ಹಾಗೆ ಅಲ್ಲಲ್ಲಿ ತೂತು ಬೀಳುತ್ತದೆ. ಆಮೇಲೆ ಒಂಟಿ ಮರಗಳು. ಆಮೇಲೆ ಸಿಮ್ರು. ಸಿಮ್ರು ಅಂದರೆ ಇನ್ನೊಂದು ರೋಡೋಡೆಂಡ್ರಾನ್, ಪೊದೆಯ ಜಾತಿ. ಹಿಮದ ಭಾರಕ್ಕೆ ಕಾಂಡಗಳು ಇಳಿಜಾರಿನ ಕಡೆ ಮಲಗಿ, ಮತ್ತೆ ಮೊಣಕೈಯ ಹಾಗೆ ಬಾಗಿ ಮೇಲೆದ್ದಿರುತ್ತವೆ. ಅದು ಆಗ ಹೂ ಬಿಟ್ಟಿತ್ತು, ತಿಳಿ ನೇರಳೆ. ಎಲೆ ತಿರುಗಿಸಿದರೆ ಅಡಿಯಲ್ಲಿ ತುಕ್ಕಿನ ಬಣ್ಣದ ಉಣ್ಣೆ. ಬೆರಳಿಂದ ಉಜ್ಜಿದರೆ ಪುಡಿ ಬರುತ್ತದೆ.

ಮರ ಯಾಕೆ ಇಲ್ಲೇ ನಿಲ್ಲುತ್ತದೆ? ಚಿಕ್ಕಪ್ಪ ಓದಿಕೊಂಡು ಬಂದಿದ್ದರು. ಮರಕ್ಕೆ ಎತ್ತರವೇ ಕಷ್ಟ. ನೆಲಕ್ಕೆ ಅಂಟಿದ ಗಿಡ ಬಿಸಿಲಿಗೆ ಬೆಚ್ಚಗಾಗುತ್ತದೆ, ಗಾಳಿಯಲ್ಲಿ ತಲೆ ಎತ್ತಿ ನಿಂತ ಮರಕ್ಕೆ ಆ ಬಿಸಿ ಸಿಗುವುದಿಲ್ಲ. ಬೆಳೆಯುವ ತಿಂಗಳುಗಳಲ್ಲಿ ಸರಾಸರಿ ಉಷ್ಣತೆ ಸುಮಾರು 6 ಡಿಗ್ರಿಗಿಂತ ಕೆಳಗಿಳಿದರೆ ಮರ ಹೊಸ ಕಟ್ಟಿಗೆ ಕಟ್ಟಲಾರದು. ಆಂಡಿಸ್ ಇರಲಿ, ಆಲ್ಪ್ಸ್ ಇರಲಿ, ಹತ್ತಿರ ಹತ್ತಿರ ಇದೇ ಲೆಕ್ಕ. ಹಾಗಾದರೆ ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಕಾಡು ನೂರೈವತ್ತು ಮೀಟರಿಗೂ ಹೆಚ್ಚು ಏರಬೇಕು ಅಲ್ವಾ?

"ಏರಿದೆಯಾ ಅಂತ ಸಸಿ ಹೇಳಬೇಕು, ದೊಡ್ಡ ಮರ ಅಲ್ಲ" ಅಂದರು ಚಿಕ್ಕಪ್ಪ. ಕೊನೆಯ ದೊಡ್ಡ ಫರ್ ಮರದಿಂದ ಮೇಲಕ್ಕೆ ನಾವು ಮೂವರೂ ಸಸಿ ಹುಡುಕುತ್ತಾ ಹೊರಟೆವು. ಹುಲ್ಲಿನಲ್ಲಿ ಬಗ್ಗಿ ಬಗ್ಗಿ ನೋಡುವ ನಮ್ಮನ್ನು ನೋಡಿ ಯಾತ್ರಿಕರೊಬ್ಬರು ಏನು ಕಳೆದುಕೊಂಡಿರಿ ಅಂತ ಕೇಳಿದರು. ಸಿಮ್ರು ಸಸಿಗಳು ಸಿಕ್ಕವು, ಪೊದೆಯ ಅಂಚಿನಿಂದ ಸಾಕಷ್ಟು ಮೇಲೆ, ಹುಲ್ಲಿನ ಮಧ್ಯೆ. ಖರ್ಸು ಒಂದೂ ಇಲ್ಲ. ಫರ್ ಒಂದೇ ಒಂದು ಸಿಕ್ಕಿತು.

ಅದು ಒಂದು ಬಂಡೆಯ ಮರೆಯಲ್ಲಿತ್ತು. ನನ್ನ ಮೊಣಕಾಲಿನಷ್ಟು ಎತ್ತರ. ಫರ್ ಗಿಡ ವರ್ಷಕ್ಕೆ ಒಂದು ಸುತ್ತು ಕೊಂಬೆ ಬಿಡುತ್ತದೆ, ಹಾಗಾಗಿ ಅದರ ವಯಸ್ಸನ್ನು ಮೈಮೇಲೆ ಓದಬಹುದು. ಚಿಕ್ಕಪ್ಪ ನೆಲದ ಮೇಲೆ ಕೂತು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಸುತ್ತು ಎಣಿಸಿದರು. ಹದಿನಾಲ್ಕು. ಕೆಲವು ಸುತ್ತುಗಳ ನಡುವೆ ಮೂರು ಬೆರಳು ಜಾಗ. ಕೆಲವು ಕಡೆ ಉಗುರು ಹಾಕುವಷ್ಟೂ ಇಲ್ಲ, ಕೊಂಬೆಗಳು ಒಂದರ ಮೇಲೊಂದು ಕೂತ ಹಾಗಿವೆ. ಆ ವರ್ಷ ಗಿಡ ಬದುಕಿದ್ದೇ ದೊಡ್ಡದು, ಬೆಳೆದಿಲ್ಲ. ನಮ್ಮ ಹುಡುಗ ಬೆರಳಿಟ್ಟು ಲೆಕ್ಕ ಹಾಕಿ, "ಚಾಚಾಜಿ, ಈ ಸುತ್ತು ಬಂದ ವರ್ಷ ಇಲ್ಲಿ ಹಿಮವೇ ಸರಿಯಾಗಿ ಬಿದ್ದಿರಲಿಲ್ಲ" ಅಂದ. ಒಂದು ಗಿಡ ನೋಡಿ ತೀರ್ಮಾನ ಮಾಡಬಾರದು, ಚಿಕ್ಕಪ್ಪನೂ ಅದನ್ನೇ ಹೇಳಿದರು. ಆದರೆ ಅವನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಯಾಕೆಂದರೆ ಹಿಮ ಅಂದರೆ ಇಲ್ಲಿ ಬರೀ ಚಳಿ ಅಲ್ಲ. ಜನವರಿಯ ಗಾಳಿಯಿಂದ ಸಸಿಯನ್ನು ಮುಚ್ಚಿ ಕಾಯುವ ಹೊದಿಕೆ ಅದು. ಏಪ್ರಿಲ್, ಮೇನಲ್ಲಿ ಕರಗಿ ಬೇರಿಗೆ ಸಿಗುವ ನೀರೂ ಅದೇ. ಮುಂಗಾರು ಜೂನ್ ಕೊನೆಗೆ ಬರುತ್ತದೆ. ಅದಕ್ಕೆ ಮುಂಚಿನ ಆ ಮೂರು ತಿಂಗಳಲ್ಲಿ ಬಿಸಿ ಏರಿ, ಹಿಮ ಕಡಿಮೆಯಾದರೆ ಮಣ್ಣು ಒಣಗುತ್ತದೆ. ನೇಪಾಳದ ಎತ್ತರದಲ್ಲಿ ಭೂರ್ಜ (ಬರ್ಚ್) ಮರಗಳ ಕಾಂಡದೊಳಗೆ ವರ್ಷಕ್ಕೊಂದರಂತೆ ಮೂಡುವ ಉಂಗುರಗಳನ್ನು ಓದಿದವರು ಇದನ್ನೇ ಕಂಡಿದ್ದಾರೆ. ವಸಂತ ಬಿಸಿಯಾಗಿ ಒಣಗಿದ ವರ್ಷಗಳಲ್ಲಿ ಉಂಗುರ ತೆಳು, ಕೆಲವು ಮರಗಳಲ್ಲಿ ಉಂಗುರವೇ ಇಲ್ಲ, ಹೊಸ ಸಸಿಗಳೂ ಕಡಿಮೆ. ಚಳಿ ಬಿಟ್ಟುಕೊಟ್ಟ ಜಾಗಕ್ಕೆ ಬಾಯಾರಿಕೆ ಬಂದು ಕೂತಿದೆ.

ಜಗತ್ತಿನ 166 ಕಡೆಯ ಮರಗಡಿಗಳನ್ನು ಒಟ್ಟಿಗಿಟ್ಟು ನೋಡಿದ 2009ರ ಒಂದು ಅಧ್ಯಯನ ಇದೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕಡೆ ಮಾತ್ರ ಕಾಡು ಮೇಲೆ ಸರಿದಿತ್ತು. ಉಳಿದವು ಹೆಚ್ಚಾಗಿ ಇದ್ದಲ್ಲೇ ಇದ್ದವು. ಬಿಸಿ ಎಲ್ಲ ಕಡೆ ಏರಿದ್ದರೂ ಮರ ಎಲ್ಲ ಕಡೆ ಏರಿಲ್ಲ. ಕಾಡಿಗೆ ಕಾಲಿಲ್ಲವಲ್ಲ. ಒಂದು ಬೀಜ ಬೀಳಬೇಕು, ಅದಕ್ಕೆ ಮಣ್ಣು ಸಿಗಬೇಕು, ದನ ಕುರಿ ಬಾಯಿ ಹಾಕಬಾರದು, ಹದಿನಾಲ್ಕು ವರ್ಷ ಹೀಗೆ ಬಂಡೆ ಮರೆಯಲ್ಲಿ ಜೀವ ಹಿಡಿದುಕೊಂಡಿರಬೇಕು. ಆಗ ಮೊಣಕಾಲಿನಷ್ಟು ಎತ್ತರ ಆಗುತ್ತದೆ.

ಸಂಜೆ ತುಂಗನಾಥ. ಸುಮಾರು 3,600 ಮೀಟರ್, ಪಂಚಕೇದಾರ ಅನ್ನುವ ಐದು ಶಿವ ದೇವಸ್ಥಾನಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು. ಪೂಜೆ ಮಾಡುವವರು ಕೆಳಗಿನ ಮಕ್ಕೂ ಊರಿನವರು, ಚಳಿಗಾಲದಲ್ಲಿ ದೇವರೂ ಅಲ್ಲಿಗೇ ಇಳಿಯುತ್ತಾನೆ. ಚಿಕ್ಕಪ್ಪನಿಗೆ ತಲೆನೋವು ಶುರುವಾಗಿತ್ತು. ಬಿಸಿ ಖಿಚಡಿ ತಿಂದು, ಎರಡು ರಜಾಯಿ ಹೊದ್ದು ಮಲಗಿದೆವು.

ನಾಲ್ಕನೇ ದಿನ: ಚಂದ್ರಶಿಲಾ

ಬೆಳಗಿನ ಜಾವ ನಾಲ್ಕಕ್ಕೆ ತುಂಗನಾಥದ ಮೇಲಿನ ಚಂದ್ರಶಿಲಾ ತುದಿಗೆ ಹೊರಟೆವು. ಒಂದೂವರೆ ಕಿಲೋಮೀಟರ್, ಕಡಿದಾದ ದಾರಿ. ಚಿಕ್ಕಪ್ಪನ ತಲೆನೋವು ಇಳಿದಿತ್ತು, ಆದರೂ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆವು. ಸೂರ್ಯ ಬಂದಾಗ ಚೌಖಂಬಾ ಮೊದಲು ಕೆಂಪಾಯಿತು, ಆಮೇಲೆ ಕೇದಾರದ ಶಿಖರಗಳು. ಪೂರ್ವಕ್ಕೆ ನಂದಾದೇವಿ. ಹೊಗೆ ಕೆಳಗೇ ಉಳಿದಿತ್ತು, ಕಣಿವೆಗಳಲ್ಲಿ ಕೆನೆಯ ಹಾಗೆ ನಿಂತಿತ್ತು.

ಇಳಿಯುವಾಗ ಹುಡುಗ ಒಂದು ಚಿಕ್ಕ ಗಿಡ ತೋರಿಸಿ ಕುಟಕಿ ಅಂದ. ನಮ್ಮ ಆಯುರ್ವೇದದ ಅಂಗಡಿಗಳಲ್ಲಿ ಸಿಗುವ ಕಟುಕರೋಹಿಣಿ! ಒಣ ಬೇರಿನ ಚೂರನ್ನಷ್ಟೇ ನೋಡಿದ್ದೆ. ಜಟಾಮಾಂಸಿಯೂ ಹಿಮಾಲಯದ ಇಂಥ ಎತ್ತರದ್ದೇ. ಇಲ್ಲಿನವರು ಬುಗ್ಯಾಲ್ ಅನ್ನುವ ಈ ಹುಲ್ಲುಗಾವಲು ಅವುಗಳ ಮನೆ. ಅವುಗಳಿಗೆ ನೆರಳು ಬೇಡ, ಬಿಸಿ ಬೇಡ. ಕೆಳಗಿನಿಂದ ಸಿಮ್ರು ಏರಿ ಬಂದರೆ ಇವು ಇನ್ನೂ ಮೇಲೆ ಹೋಗಬೇಕು. ಚಂದ್ರಶಿಲಾ ಸುಮಾರು 4,000 ಮೀಟರ್. ಕಾಡು ಮುಗಿಯುವ ಜಾಗದಿಂದ ಬೆಟ್ಟದ ತುದಿಗೆ ಇರುವುದು ಏಳುನೂರು ಮೀಟರ್ ಮಾತ್ರ, ಅದೂ ಮೇಲೆ ಹೋದ ಹಾಗೆ ಚೂಪಾಗುತ್ತಾ ಹೋಗುತ್ತದೆ. ನಾವು ನಿಂತಿದ್ದ ತುದಿಯಲ್ಲಿ ಒಂದು ಪುಟ್ಟ ಗುಡಿ, ಸುತ್ತ ಬಂಡೆ. ಅಲ್ಲಿಂದ ಮೇಲೆ ಆಕಾಶ.

ಅಷ್ಟು ಹೊತ್ತಿಗೆ ಕೆಳಗಿನ ಇಳಿಜಾರಿನಿಂದ ಒಂದು ಮೊನಾಲ್ ಕೂಗುತ್ತಾ ಹಾರಿತು. ಗಂಡು ಹಕ್ಕಿ. ಬಿಸಿಲಿಗೆ ಕತ್ತು ತಾಮ್ರದ ಹಾಗೆ, ಬೆನ್ನು ನೀಲಿಯಾಗಿ ಮಿಂಚಿತು. ಸಿಮ್ರು ಪೊದೆಯ ಅಂಚಿನಲ್ಲಿ ಇಳಿದು, ಮಣ್ಣು ಕೆದರಲು ಶುರು ಮಾಡಿತು. ಅದಕ್ಕೆ ಕಾಡೂ ಬೇಕು, ಬಯಲೂ ಬೇಕು. ಕಸ್ತೂರಿ ಮೃಗಕ್ಕೂ ಹಾಗೆಯೇ. 1972ರಲ್ಲಿ ಕೇದಾರನಾಥ ಅಭಯಾರಣ್ಯ ಮಾಡಿದ್ದೇ ಮುಖ್ಯವಾಗಿ ಆ ಪ್ರಾಣಿಗಾಗಿ. ನಮಗೆ ಅದು ಕಾಣಲಿಲ್ಲ. ಅಂದು ಚೋಪ್ತಾಕ್ಕೆ ಇಳಿದು ಸುಮ್ನೆ ಮಲಗಿದೆವು.

ಐದನೇ ದಿನ: ಖರ್ಸು ಕಾಡು

ಹೊರಡುವ ಮುಂಚೆ ಚಿಕ್ಕಪ್ಪನಿಗೆ ಖರ್ಸು ಕಾಡನ್ನು ಒಮ್ಮೆ ನಿಧಾನವಾಗಿ ನೋಡಬೇಕಿತ್ತು. ದುಗಲ್‌ಬಿಟ್ಟಾ ಕಡೆ ಒಂದು ಇಳಿಜಾರಿನಲ್ಲಿ ನಡೆದೆವು. ಮುದಿ ಮರಗಳು. ಒಂದೊಂದೂ ಊರಿನ ಅರಳಿಮರದಷ್ಟು ಗಂಭೀರ. ಕೊಂಬೆಗಳನ್ನು ಮೇವಿಗಾಗಿ ಎಷ್ಟೋ ವರ್ಷದಿಂದ ಕಡಿದು ಕಡಿದು, ಕಾಂಡದ ತುಂಬಾ ಗಂಟು. ಕೆಳಗೆ ಮಾತ್ರ ಖಾಲಿ. ಚಿಕ್ಕಪ್ಪ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲ ಅಳೆದು ಅದರೊಳಗೆ ಹುಡುಕಿದರು. ಹೀಗೆ ಐದು ಕಡೆ. ಒಟ್ಟು ಸಿಕ್ಕಿದ್ದು ಮೂರು ಖರ್ಸು ಸಸಿ, ಮೂರಕ್ಕೂ ತುದಿ ಮೇಯ್ದು ಹೋಗಿತ್ತು. "ಮುದುಕರು ಮಾತ್ರ ಇರೋ ಊರು ಇದು" ಅಂದರು. ಅವರ ಮುಖ ಸಪ್ಪಗಾಗಿತ್ತು.

ಮೇವಿನ ಹೊರೆ ಹೊತ್ತು ಬಂದ ಇಬ್ಬರು ಹೆಂಗಸರು ನಮ್ಮ ಹತ್ತಿರ ಕೂತು ದಣಿವಾರಿಸಿಕೊಂಡರು. ದೊಡ್ಡವಳಿಗೆ ಅರವತ್ತು ದಾಟಿರಬೇಕು. ಬೀಜ ಬಿಡುವುದಿಲ್ಲವೇ ಅಂತ ಹುಡುಗನ ಮೂಲಕ ಕೇಳಿದೆ. ಬಿಡುತ್ತದೆ, ಕೆಲವು ವರ್ಷ ನೆಲ ಕಾಣದಷ್ಟು ಬೀಳುತ್ತದೆ ಅಂದಳು. ಕೈಯಲ್ಲಿ ಬೀಜದ ಗಾತ್ರ ತೋರಿಸಿದಳು. ಶ್ರಾವಣದ ಮಳೆಯಲ್ಲಿ ಬೀಳುತ್ತೆ, ಬೀಳುವಾಗಲೇ ಕೆಲವಕ್ಕೆ ಬೇರು ಬಂದಿರುತ್ತೆ ಅಂದಳು.

ಈ ಮರದ ಗುಟ್ಟೇ ಅದು. ಬೇರೆ ಎಷ್ಟೋ ಮರಗಳ ಬೀಜ ನೆಲದಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ. ಖರ್ಸು ಬೀಜ ಕಾಯುವುದಿಲ್ಲ. ಹಣ್ಣಾದ ಕೆಲವೇ ದಿನಗಳಲ್ಲಿ ಮೊಳೆಯಬೇಕು, ಇಲ್ಲದಿದ್ದರೆ ಸಾಯಬೇಕು. ಹಾಗಾಗಿ ಸಾವಿರಾರು ವರ್ಷದಿಂದ ಅದು ತನ್ನ ಬೀಜ ಹಣ್ಣಾಗುವುದನ್ನು ಮುಂಗಾರಿನ ಜೊತೆ ಹೊಂದಿಸಿಕೊಂಡು ಬಂದಿದೆ. ಈಗ ಬಿಸಿ ಏರಿ ಬೀಜ ಬೇಗ ಹಣ್ಣಾಗಿ, ಮಳೆ ತನ್ನ ಹಳೆ ಹೊತ್ತಿಗೇ ಬಂದರೆ? ಇಲ್ಲಾ ಮಳೆಯೇ ತಡವಾದರೆ? ಮರಗಳನ್ನು ಓದುವವರಿಗೆ ಇರುವ ದೊಡ್ಡ ಆತಂಕ ಇದು. ಕಾಡು ಮೇಲೆ ಏರುತ್ತದೋ ಇಲ್ಲವೋ ಅಂತ ನಾವು ಕೇಳಿಕೊಂಡು ಬಂದೆವು. ಇರುವಲ್ಲೇ ಇದಕ್ಕೆ ಮಕ್ಕಳಾಗುತ್ತವೆಯೇ ಅಂತ ಕೇಳಬೇಕಿತ್ತು.

ಆ ಅಜ್ಜಿಯ ಹೊರೆಯಲ್ಲಿ ಖರ್ಸು ಸೊಪ್ಪೇ ಇತ್ತು. ಎಮ್ಮೆಗೆ. ಅವಳನ್ನು ದೂರುವುದಕ್ಕೆ ನನಗೆ ಬಾಯಿ ಬರಲಿಲ್ಲ, ಈಗಲೂ ಬರುವುದಿಲ್ಲ. ನಮ್ಮ ಅಡಿಕೆ ತೋಟಕ್ಕೆ ಬೆಟ್ಟದ ಸೊಪ್ಪು ತಂದು ಬೆಳೆದವರೇ ನಾವೆಲ್ಲ. ಗಾಳಿಯನ್ನು ಬಿಸಿ ಮಾಡಿದ್ದರಲ್ಲಿ ಅವಳ ಪಾಲು ಎಷ್ಟಿದ್ದೀತು? ಚಿಕ್ಕಪ್ಪ ಎದ್ದು ಹೊರೆಯನ್ನು ಅವಳ ಬೆನ್ನಿಗೆ ಎತ್ತಿಕೊಟ್ಟರು. ಹೋಗುವಾಗ ಹುಡುಗನಿಗೆ, "ತಮ್ಮಾ, ಈ ಸಲ ಬೀಜ ಬಿದ್ದಾಗ ನನಗೆ ಹೇಳು" ಅಂದರು. ನಾನು ಹಿಂದಿಯಲ್ಲಿ ಹೇಳಿದೆ. ಅವನು ಫೋನ್ ನಂಬರ್ ಬರೆದುಕೊಂಡ.

ಜುಲೈ ತಿಂಗಳಲ್ಲಿ, ತೀರ್ಥಹಳ್ಳಿಯಲ್ಲಿ ಜೋರು ಮಳೆ ಹೊಡೆಯುತ್ತಿದ್ದ ಒಂದು ಸಂಜೆ, ನನ್ನ ಫೋನಿಗೆ ಒಂದು ಫೋಟೋ ಬಂತು. ಅವನ ಅಂಗೈ, ಅದರಲ್ಲಿ ಗೋಲಿಯ ಹಾಗಿನ ಐದಾರು ಖರ್ಸು ಬೀಜ. ಎರಡರ ತುದಿ ಒಡೆದು ಬೇರು ಹೊರಗೆ ಬಂದಿತ್ತು. "ದೀದಿ, ಚಾಚಾಜಿಗೆ ಹೇಳಿ, ಬೀಳುತ್ತಿದೆ. ಎಂಟು ದಿನದಿಂದ ಮಳೆ ಇಲ್ಲ" ಅಂತ ಬರೆದಿದ್ದ. ಚಿಕ್ಕಪ್ಪ ಜಗುಲಿಯಲ್ಲಿ ಕೂತು ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಆಮೇಲೆ ದಿನಾ ಬೆಳಿಗ್ಗೆ ಅಲ್ಲಿ ಮಳೆ ಬಂತಾ ಅಂತ ಕೇಳುತ್ತಿದ್ದರು. ನಾಲ್ಕನೇ ದಿನ ಬಂತು. ಹೇಳಿದ ಕೂಡಲೇ ಅವರು, "ಆ ಎರಡು ಬೇರು ಹೇಗಿದೆ ಕೇಳು" ಅಂದರು.